ಹೂಮಳೆಯನ್ನು ಗುರುತಾಗಿ ಕೇಳಿದ ರೈಟರ್

ಕಾಫಿ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರನ್ನು ಕೊಡಗಿನಲ್ಲಿ ರೈಟರ್ ಎನ್ನುತ್ತಾರೆ. ಇಲ್ಲಿ ಯಾರ ಬಗ್ಗೆ ಬರೆಯುತ್ತಿದ್ದೇನೋ ಆ ವ್ಯಕ್ತಿಯನ್ನು ನಾನೂ ಹಾಗೆಯೇ ಕರೆಯುತ್ತೇನೆ. ವಯಸ್ಸು ನಲವತ್ತರೊಳಗೆ, ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಕ್ರೈಸ್ತ) ಸಭೆಯವರು, ಹೆಂಡತಿ, ಶಾಲೆಗೆ ಹೋಗುವ ಮಗಳು ಇದ್ದಾರೆ. ವಾಸ ತೋಟದ ಮಾಲೀಕರು ಕೊಟ್ಟ ಮನೆಯಲ್ಲಿ. ಉಳಿದ ಗುರುತುಗಳನ್ನು ಅವರ ಒಪ್ಪಿಗೆ ಪಡೆದು ಬದಲಿಸಿದ್ದೇನೆ. ಸಿದ್ದಾಪುರದ ಕಡೆಯ ತೋಟ ಎಂದುಕೊಳ್ಳಿ.

ಆಪ್ತಸಲಹೆಗಾರಳಾದ ನನ್ನ ಬಳಿ ಅವರನ್ನು ಕಳುಹಿಸಿದ್ದು ಅವರ ಸಭೆಯ ಅಯ್ಯನವರು, ಅಂದರೆ ಪಾಸ್ಟರ್. ರಾಜೀನಾಮೆ ಪತ್ರ ಬರೆದು, ಅದನ್ನು ಸತ್ಯವೇದದೊಳಗೆ (ಬೈಬಲಿನೊಳಗೆ) ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಹಿಂದಿನ ವರ್ಷ ಒಂದು ಉಜ್ಜೀವನ ಕೂಟದಲ್ಲಿ ಹೊರಊರಿನ ಪ್ರಸಂಗಿಯೊಬ್ಬರು ಇವರ ತಲೆಯ ಮೇಲೆ ಕೈಯಿಟ್ಟು, ದೇವರು ನಿನ್ನನ್ನು ಪೂರ್ಣಾವಧಿ ಸೇವೆಗೆ ಕರೆಯುತ್ತಿದ್ದಾರೆ ಎಂದು ಪ್ರವಾದನೆ ನುಡಿದಿದ್ದರು. ಅಂದಿನಿಂದ ಉಪವಾಸ, ರಾತ್ರಿ ಪ್ರಾರ್ಥನೆ, ಕಣ್ಣುಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವನ್ನು ಬರೆದುಕೊಳ್ಳುವುದು, ಎಲ್ಲವೂ ನಡೆದಿತ್ತು. ಕೊನೆಗೆ ಸತ್ಯವೇದದ ಗಿದ್ಯೋನನು ಯುದ್ಧಕ್ಕೆ ಹೋಗುವ ಮುನ್ನ ಕುರಿಯ ಉಣ್ಣೆಯನ್ನು ಹಾಸಿ ದೇವರಿಂದ ಗುರುತು ಕೇಳಿದಂತೆ ಇವರೂ ಒಂದು ಗುರುತು ಕೇಳಿದರು: ಮಾರ್ಚ್ ತಿಂಗಳ ಮೊದಲ ಭಾನುವಾರದೊಳಗೆ ತೋಟಕ್ಕೆ ಒಂದು ಇಂಚು ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬಿದ್ದರೆ ಪತ್ರ ಕೊಟ್ಟು ಹೊರಡುವುದು.

ಶನಿವಾರ ಸಂಜೆ ಮಳೆ ಬಂತು. ರಸ್ತೆಯ ಆಚೆಗಿನ ತೋಟಕ್ಕೆ ಒಂದು ಇಂಚು ದಾಟಿತು. ಇವರ ಮಳೆಮಾಪಕದಲ್ಲಿ ನಲವತ್ತು ಸೆಂಟ್. ಇಲ್ಲಿನ ತೋಟಗಳಲ್ಲಿ ಈಗಲೂ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ನಲವತ್ತು ಸೆಂಟ್ ಎಂದರೆ ರೊಬಸ್ಟಾ ಹೂ ಸರಿಯಾಗಿ ಅರಳಲು ಸಾಲದು, ಮೊಗ್ಗು ಕೆಡಲು ಸಾಕು. ಭಾನುವಾರ ಆರಾಧನೆಗೆ ಹೋಗುವ ಬದಲು ಇವರು ಸ್ಪ್ರಿಂಕ್ಲರ್ ಪೈಪು ಎಳೆಸುತ್ತ ನಿಂತಿದ್ದರು.

‘ಮೇಡಂ, ಪಕ್ಕದ ತೋಟಕ್ಕೆ ಬಂದದ್ದನ್ನು ಗುರುತು ಎಂದು ತೆಗೆದುಕೊಳ್ಳಬಹುದೇ? ಅದರಲ್ಲಿ ನಮ್ಮ ಮಾಲೀಕರದ್ದೂ ಪಾಲಿದೆ.’

ನಾನು ನಗಲಿಲ್ಲ. ಮನುಷ್ಯ ಅಷ್ಟು ದಣಿದಿದ್ದರು. ಮೊದಲು ನಿದ್ರೆ, ಊಟ ವಿಚಾರಿಸಿದೆ. ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆಯೇ ಎಂದೂ ಕೇಳಿದೆ, ಇಲ್ಲ ಎಂದರು. ಈ ಪ್ರಶ್ನೆಗಳನ್ನು ಕೇಳದೆ ದೇವರ ಕರೆಯ ಮಾತಿಗೆ ಇಳಿಯುವವರು, ಅವರು ಪಾಸ್ಟರ್ ಆಗಲಿ ಆಪ್ತಸಲಹೆಗಾರರಾಗಲಿ, ಅರ್ಧ ಕೆಲಸವನ್ನು ಬಿಟ್ಟುಬಿಡುತ್ತಾರೆ. ಹೊಟ್ಟೆಯುರಿ, ನಡುರಾತ್ರಿಯ ಎಚ್ಚರ, ಹೆಗಲು ಹಿಡಿದ ನೋವು ಇದ್ದವು. ವೈದ್ಯರನ್ನು ಕಾಣುವವರೆಗೆ ಉಪವಾಸ ಬೇಡ ಎಂದೆ. ಸಂಕೋಚಪಟ್ಟರು. ಪ್ರವಾದಿ ಎಲೀಯನು ಸಾಯಬೇಕೆಂದು ಗಿಡದಡಿ ಮಲಗಿದ್ದಾಗ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು, ಅದೂ ಎರಡು ಸಲ. ಹೋರೇಬ್ ಬೆಟ್ಟದಲ್ಲಿ ದೇವರಿಂದ ಕೇಳಿದ ಮಾತು ಆಮೇಲಿನದು ಎಂದು ನೆನಪಿಸಿದ ಮೇಲೆ ಒಪ್ಪಿದರು.

ಮುಂದಿನ ಭೇಟಿಯಲ್ಲಿ ಒಂದು ಪ್ರಶ್ನೆ ಮುಂದಿಟ್ಟೆ. ‘ದೇವರು ಹೋಗು ಎಂದು ಹೇಳಿಯೇಬಿಟ್ಟರು ಎಂದುಕೊಳ್ಳಿ. ಮರುದಿನ ಬೆಳಿಗ್ಗೆ ಮೊದಲು ಯಾರಿಗೆ ಹೇಳುತ್ತೀರಿ?’

‘ಮಾಲೀಕರಿಗೆ.’

‘ಹೆಂಡತಿಗೆ ಅಲ್ಲವೇ?’

‘ಅವಳಿಗೆ ಹೇಳಿದರೆ ಮನೆ ಎಲ್ಲಿ, ಮಗಳ ಶಾಲೆ ಏನು ಎಂದು ಕೇಳುತ್ತಾಳೆ. ದೇವರು ಹೇಳಿದ ಮೇಲೆ ಅದನ್ನೆಲ್ಲ ಕೇಳುವ ಹಾಗಿಲ್ಲವಲ್ಲ.’

‘ಮಾಲೀಕರಿಗೆ ಏನು ಹೇಳುತ್ತೀರಿ?’

‘ದೇವರು ಕರೆದಿದ್ದಾರೆ, ಹೋಗಬೇಕು. ಅಷ್ಟೇ.’

‘ಬೇರೆ ಏನೂ ಹೇಳುವುದಿಲ್ಲವೇ?’

ಇದಕ್ಕೆ ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಬಂದದ್ದು ತಕ್ಕಡಿಯ ವಿಷಯ. ಕೊಯ್ಲಿನ ಕಾಲದಲ್ಲಿ ಆಳುಗಳಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ಚೀಲಗಳನ್ನು ತೂಗಿ, ಹೆಸರಿನ ಮುಂದೆ ತೂಕ ಬರೆಯುವುದು ರೈಟರ ಕೆಲಸ. ಚೀಲದ ತೂಕವೆಂದು, ಹಣ್ಣಿನ ತೇವವೆಂದು ಸ್ವಲ್ಪ ಕಳೆಯುವುದು ವಾಡಿಕೆ. ಈ ತೋಟದಲ್ಲಿ ಚೀಲದ ನಿಜವಾದ ತೂಕಕ್ಕಿಂತ ಎಷ್ಟೋ ಹೆಚ್ಚು ಕಳೆಯಬೇಕೆಂಬ ಆದೇಶವಿತ್ತು. ಕೆಲವು ಕೊಯ್ಲುಗಳಿಂದ ಇವರು ಹಾಗೆಯೇ ಬರೆಯುತ್ತ ಬಂದಿದ್ದರು. ಅಸ್ಸಾಮಿನಿಂದ ಬಂದವರು, ಆಳುಗಳ ಲೈನ್ ಮನೆಯ ಯರವ ಬುಡಕಟ್ಟಿನ ಕುಟುಂಬಗಳು, ಯಾರೂ ತಕರಾರು ತೆಗೆದಿರಲಿಲ್ಲ. ಆದರೆ ಹಳೆಯ ಡೈರಿಯೊಂದರ ಹಿಂಬದಿಯ ಪುಟಗಳಲ್ಲಿ ನಿಜವಾದ ತೂಕವನ್ನೂ ಇವರು ಬರೆದಿಟ್ಟಿದ್ದರು. ಅದನ್ನು ಯಾರಿಗೂ ತೋರಿಸಿರಲಿಲ್ಲ.

‘ಮೋಸದ ತ್ರಾಸಿನ ಬಗ್ಗೆ ಜ್ಞಾನೋಕ್ತಿಗಳಲ್ಲಿ ಏನಿದೆ?’ ಎಂದೆ. ಹನ್ನೊಂದನೆಯ ಅಧ್ಯಾಯದ ಮೊದಲ ವಚನವನ್ನು ಬಾಯಿಪಾಠ ಒಪ್ಪಿಸಿದರು. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎಂಬ ಯಾಕೋಬನ ಪತ್ರದ ಮಾತನ್ನೂ ತಾವೇ ಸೇರಿಸಿದರು. ‘ಇದಕ್ಕೆ ಗುರುತು ಕೇಳಿದ್ದೀರಾ?’ ಎಂದೆ. ‘ಇದು ಗೊತ್ತಿರುವ ವಿಷಯವಲ್ಲವೇ ಮೇಡಂ’ ಎಂದವರು ತಲೆ ತಗ್ಗಿಸಿದರು.

ನಾನು ಕಂಡ ಮಟ್ಟಿಗೆ, ದೇವರ ಚಿತ್ತ ತಿಳಿಯುತ್ತಿಲ್ಲ ಎಂದು ಬರುವವರಲ್ಲಿ ಹಲವರು ಮನುಷ್ಯರೊಡನೆ ಆಡಬೇಕಾದ ಒಂದು ಮಾತನ್ನು ನುಂಗಿಕೊಂಡಿರುತ್ತಾರೆ. ಆಕಾಶದಿಂದ ಅಪ್ಪಣೆ ಬಂದರೆ ಆ ಮಾತನ್ನು ಆಡಬೇಕಾಗಿಲ್ಲ. ರೈಟರ್ ಕೇಳುತ್ತಿದ್ದ ಗುರುತು ಬಂದಿದ್ದರೆ ತೂಕದ ವಿಷಯ ಎತ್ತದೆಯೇ ತೋಟ ಬಿಡಬಹುದಿತ್ತು, ಹೆಂಡತಿಯ ಪ್ರಶ್ನೆಗಳಿಗೆ ಉತ್ತರ ಕೊಡದೆಯೇ ಮನೆ ಖಾಲಿ ಮಾಡಬಹುದಿತ್ತು.

ಹಾಗೆಂದು ಅವರ ಕರೆ ಸುಳ್ಳು ಎಂದು ನಾನು ಹೇಳಲಿಲ್ಲ. ಎಲ್ಲ ಭಕ್ತಿಯನ್ನೂ ಪಲಾಯನವೆಂದು ಬಿಡಿಸಿಟ್ಟು ಜಾಣರೆನಿಸಿಕೊಳ್ಳುವ ಚಪಲ ನಮ್ಮ ವೃತ್ತಿಯಲ್ಲಿದೆ. ಅದು ನನಗೆ ಹಿಡಿಸುವುದಿಲ್ಲ. ಓಡಿಹೋಗುವ ಆಸೆಯೂ ನಿಜವಾದ ಕರೆಯೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು. ಬೇರ್ಪಡಿಸಲು ನನಗೆ ತೋರಿದ ದಾರಿ ಇದು: ಓಡಲು ಇರುವ ಕಾರಣವನ್ನು ಮೊದಲು ನಿವಾರಿಸಿ, ಆಮೇಲೂ ಏನು ಉಳಿಯುತ್ತದೆ ಎಂದು ನೋಡುವುದು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಲೊಯೋಲಾದ ಇಗ್ನೇಷಿಯಸ್, ಯಾವ ಯೋಚನೆ ಆ ಕ್ಷಣಕ್ಕೆ ರುಚಿಸಿ ಆಮೇಲೆ ಬರಡಾಗುತ್ತದೆ, ಯಾವುದು ಮುಗಿದ ಮೇಲೂ ನೆಮ್ಮದಿ ಉಳಿಸುತ್ತದೆ ಎಂದು ಗಮನಿಸುತ್ತ ತನ್ನ ದಾರಿ ಕಂಡುಕೊಂಡವರು. ಮನಸ್ಸು ಕತ್ತಲಲ್ಲಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡಿ ಎಂಬ ನಿಯಮ ಅವರದ್ದು. ‘ಅವರು ಕ್ಯಾಥೊಲಿಕರಲ್ಲವೇ?’ ಎಂದರು ರೈಟರ್. ಹೌದು, ಆದರೂ ಪಾಲಿಸಿ ಎಂದೆ.

ಗಿದ್ಯೋನನ ಕಥೆಯನ್ನು ಇಬ್ಬರೂ ಕುಳಿತು ಮೊದಲಿನಿಂದ ಓದಿದೆವು. ಅಲ್ಲಿ ಹೋಗು ಎಂಬ ಅಪ್ಪಣೆ ಉಣ್ಣೆಗಿಂತ ಮೊದಲೇ ಸ್ಪಷ್ಟವಾಗಿ ಬಂದಿದೆ. ನೀನು ಹೇಳಿದಂತೆಯೇ ಆಗುವುದಾದರೆ ಎಂದು ಗಿದ್ಯೋನನೇ ಅದನ್ನು ಒಪ್ಪಿಕೊಳ್ಳುತ್ತಾನೆ. ಅವನಿಗೆ ಬೇಕಾಗಿದ್ದದ್ದು ಧೈರ್ಯ. ಯೂದನ ಸ್ಥಾನಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿದ್ದು ಪಂಚಾಶತ್ತಮಕ್ಕೆ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ದಿನಕ್ಕೆ, ಮುಂಚೆ. ಅನಂತರ ಅಪೊಸ್ತಲರ ಕೃತ್ಯಗಳಲ್ಲಿ ಶಿಷ್ಯರು ಚೀಟಿ ಹಾಕಿದ್ದು ಎಲ್ಲೂ ಕಾಣುವುದಿಲ್ಲ. ತ್ರೋವ ಪಟ್ಟಣದಲ್ಲಿ ಪೌಲನಿಗೆ ಮಕೆದೋನ್ಯದವನ ದರ್ಶನವಾದಾಗಲೂ ಹೊರಡುವ ನಿರ್ಧಾರವನ್ನು ‘ನಾವು’ ಮಾಡಿದೆವು ಎಂದೇ ಬರೆದಿದೆ. ಪ್ರವಾದನೆಯನ್ನು ತಾತ್ಸಾರ ಮಾಡಬೇಡಿ, ಆದರೆ ಎಲ್ಲವನ್ನೂ ಪರಿಶೋಧಿಸಿ ಎಂದ ಪೌಲನೂ ಅದನ್ನು ಒಂದು ಸಭೆಗೆ ಬರೆದ. ಉಜ್ಜೀವನ ಕೂಟದ ಆ ಮಾತನ್ನು ರೈಟರ್ ತಮ್ಮ ಸಭೆಯ ಹಿರಿಯರ ಮುಂದೆ ಒಮ್ಮೆಯೂ ಇಟ್ಟಿರಲಿಲ್ಲ.

‘ಮೋಗ್ಲಿಂಗ್ ಸಾಹೇಬರು ಎಲ್ಲವನ್ನೂ ಬಿಟ್ಟು ಬರಲಿಲ್ಲವೇ?’ ಎಂದು ವಾದಿಸಿದರು. ಕೊಡಗಿನ ಪ್ರೊಟೆಸ್ಟೆಂಟರಿಗೆ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಮನೆಯ ಹಿರಿಯರಿದ್ದಂತೆ. ಬಂದರು ನಿಜ, ಆದರೆ ಓದು ಮುಗಿಸಿ, ಬಾಸೆಲ್ ಮಿಷನ್ ಕಳುಹಿಸಿದ ಮೇಲೆ 1836ರಲ್ಲಿ ಭಾರತಕ್ಕೆ ಬಂದವರು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿ, ಹತ್ತು ವರ್ಷ ಕಳೆದ ಮೇಲೆ ಕೊಡಗಿಗೆ ಬಂದು ನೆಲೆಸಿದವರು. ಅಚ್ಚಿನ ಮೊಳೆ ಜೋಡಿಸುವ ಕೆಲಸವನ್ನು ದೇವಸೇವೆಯಿಂದ ಬೇರೆ ಎಂದು ಅವರು ತಿಳಿದಿದ್ದಂತೆ ನನಗೆ ಕಾಣುವುದಿಲ್ಲ.

ಮತ್ತೊಂದು ಮಾತು ಅವರಿಗೆ ಬೇಗ ಹಿಡಿಸಿತು. ಹೂಮಳೆ ಬಿದ್ದ ವಾರವೇ ಈ ಸಲ ಇಷ್ಟು ಚೀಲ ಫಸಲು ಎಂದು ಮಾಲೀಕರಿಗೆ ಬರೆದುಕೊಡುತ್ತೀರಾ ಎಂದು ಕೇಳಿದೆ. ‘ಅದು ಹೇಗೆ, ಬ್ಯಾಕಿಂಗ್ ಮಳೆ ಆಗಬೇಡವೇ, ಕಾಯಿ ನಿಲ್ಲಬೇಡವೇ’ ಎಂದು ಸ್ವಲ್ಪ ಸಿಟ್ಟಿನಿಂದಲೇ ಹೇಳಿದರು. ಹೂ ಅರಳಿದ ಮೇಲೆ ಕಾಯಿ ನಿಲ್ಲಲು ಬೇಕಾದ ಮಳೆಯೇ ಬ್ಯಾಕಿಂಗ್ ಮಳೆ.

ಸಲಹೆಯಾಗಿ ಹೇಳಿದ್ದು ಇಷ್ಟು. ಇನ್ನು ಗುರುತು ಕೇಳುವುದು ಬೇಡ. ರಾಜೀನಾಮೆ ಪತ್ರವನ್ನು ಅಯ್ಯನವರ ಕೈಗೆ ಕೊಟ್ಟಿರಿ. ಮುಂದಿನ ಕೊಯ್ಲು ಮುಗಿಯುವವರೆಗೆ ವಾಪಸು ಕೇಳಬೇಡಿ. ತೂಕದ ವಿಷಯವನ್ನು ಮಾಲೀಕರೊಡನೆ ಮಾತನಾಡಿ. ಆದರೆ ಅದಕ್ಕೆ ಮುನ್ನ ಹೆಂಡತಿಯೊಡನೆ ಮಾತನಾಡಿ, ಏಕೆಂದರೆ ಮಾಲೀಕರು ಸಿಟ್ಟಾದರೆ ಮನೆ ಹೋಗುವುದು ಇಬ್ಬರದ್ದೂ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಮಾಡುತ್ತಾನೆ ಎಂದ ಯೇಸುವಿನ ಮಾತು ಲೆಕ್ಕ ಬರೆಯುವವರಿಗೆ ಕಷ್ಟವಾಗಬಾರದು. ಈ ನಡುವೆ, ಅಯ್ಯನವರು ಒಪ್ಪಿದರೆ ಭಾನುವಾರ ಸಂಜೆ ಪ್ರಸಂಗ ಮಾಡಿ, ಕಾಯಿಲೆಯವರ ಮನೆಗಳಿಗೆ ಹೋಗಿ. ನಿಮಗೆ ವರವಿದೆಯೇ ಎಂಬುದನ್ನು ಕೇಳಿದವರು ಹೇಳಲಿ.

ಹೆಂಡತಿ ಒಮ್ಮೆ ಜೊತೆಗೆ ಬಂದರು. ‘ದೇವರು ಇವರಿಗೆ ಹೇಳುವುದನ್ನೆಲ್ಲ ನನಗೆ ಯಾಕೆ ಹೇಳುವುದಿಲ್ಲ ಮೇಡಂ? ನಾನೂ ದಿನಾ ಪ್ರಾರ್ಥನೆ ಮಾಡುತ್ತೇನೆ’ ಎಂದು ಕೇಳಿದರು. ತೂಕದ ಸಂಗತಿ ಅವರಿಗೆ ಮೊದಲೇ ತಿಳಿದಿತ್ತು, ಡೈರಿಯನ್ನು ಓದಿದ್ದರು. ಮನೆ ಹೋದರೆ ಗೋಣಿಕೊಪ್ಪಲಿನಲ್ಲಿ ಅಣ್ಣನ ಮನೆಯ ಹಿಂದಿನ ಕೋಣೆ ಇದೆ ಎಂದೂ ಯೋಚಿಸಿಟ್ಟಿದ್ದರು. ರೈಟರ್ ಆಗ ಹೆಂಡತಿಯನ್ನು ನೋಡಿದ ಬಗೆಯನ್ನು ಕಂಡು, ಅಂದಿನ ಅರ್ಧ ಕೆಲಸ ಮುಗಿಯಿತು ಎಂದುಕೊಂಡೆ.

ಮಳೆಗಾಲದಲ್ಲಿ ಅವರು ಮಾಲೀಕರೊಡನೆ ಮಾತನಾಡಿದರು. ಕೆಲಸ ಹೋಗಲಿಲ್ಲ. ನಾಲ್ಕು ಮಾತು ಬೈಸಿಕೊಂಡರು. ಆ ಕೊಯ್ಲಿನಲ್ಲಿ ಖಾಲಿ ಚೀಲವನ್ನು ಎಲ್ಲರ ಎದುರು ತೂಗಿ, ಅಷ್ಟನ್ನೇ ಬೇರೆ ಕಾಲಂನಲ್ಲಿ ಬರೆದು ಕಳೆಯಲು ಒಪ್ಪಿಗೆ ಸಿಕ್ಕಿತು. ಹಳೆಯ ಬಾಕಿಯ ಬಗ್ಗೆ ಮಾಲೀಕರು ಏನನ್ನೂ ಕೊಡಲಿಲ್ಲ. ಅದು ರೈಟರಿಗೆ ಇನ್ನೂ ಚುಚ್ಚುತ್ತಿದೆ, ಚುಚ್ಚಲಿ ಎಂದೇ ನನ್ನ ಅಭಿಪ್ರಾಯ.

ತೋಟ ಬಿಡುವ ಆತುರ ಇಳಿದಿದೆ. ಸೇವೆಯ ಆಸೆ ಮಾತ್ರ ಇಳಿದಿಲ್ಲ; ಪ್ರಸಂಗ ಕೇಳಿದ ಹಿರಿಯರಲ್ಲಿ ಇಬ್ಬರು ಮುಂದುವರಿಸಿ ಎಂದಿದ್ದಾರೆ, ಒಬ್ಬರು ತೀರ ಉದ್ದವಾಯಿತು ಎಂದಿದ್ದಾರೆ. ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿಗೆ ಸೇರುವುದಾದರೆ ವಯಸ್ಸು, ವಿದ್ಯಾರ್ಹತೆ, ಸಭೆಯ ಶಿಫಾರಸು ಏನೇನು ಬೇಕೆಂದು ಅಯ್ಯನವರು ವಿಚಾರಿಸುತ್ತಿದ್ದಾರೆ. ಮಗಳ ಹತ್ತನೆಯ ತರಗತಿ ಮುಗಿಯುವವರೆಗೆ ಊರು ಬಿಡುವುದಿಲ್ಲ ಎಂಬುದು ಹೆಂಡತಿಯ ಷರತ್ತು; ಅದಕ್ಕೆ ರೈಟರ್ ಒಪ್ಪಿದ್ದಾರೆ. ಸಭೆಯವರು ಬೇಡ ಎಂದರೆ ಮತ್ತೆ ನನ್ನಲ್ಲಿಗೆ ಬನ್ನಿ ಎಂದು ಹೇಳಿದ್ದೇನೆ.