ಬೀಜಗಣಿತಕ್ಕೆ 9, ಭೂಮಿತಿಗೆ 27

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮುಂಬೈಯ ಸಾಯನ್ ಭಾಗದಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ಹುಡುಗನನ್ನು ಅವನ ತಂದೆ ದೀಪಾವಳಿ ರಜೆ ಮುಗಿದ ವಾರದಲ್ಲಿ ಸಲಹೆಗಾಗಿ ನನ್ನ ಬಳಿ ಕರೆತಂದರು. ಅವರು ವಿಜಯಪುರದ ಕಡೆಯವರು, ಗೌಂಡಿ ಕೆಲಸ. ಏಳನೆಯವರೆಗೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಮಗ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮೇಲೆ ಹಿಂದೆ ಬಿದ್ದಿದ್ದ. “ಸಾಲಿಗೆ ದಿನಾ ಹೊಕ್ಕಾನ್ರಿ ಮೇಡಂ, ಆದ್ರ ತಲಿಗೆ ಹತ್ತವಲ್ದು. ಎರಡು ಟ್ಯೂಷನ್ ಹಚ್ಚೀನ್ರಿ” ಎಂದರು.

ಮಾಧ್ಯಮ ಬದಲಾದದ್ದೇ ಕಾರಣವೆಂದು ನಾನೂ ಅಂದುಕೊಂಡೆ. ಅಂಕಪಟ್ಟಿ ಬೇರೆಯೇ ಹೇಳುತ್ತಿತ್ತು. ಮಹಾರಾಷ್ಟ್ರದಲ್ಲಿ ಒಂಬತ್ತನೆಯ ಗಣಿತಕ್ಕೆ ಬೀಜಗಣಿತ, ಭೂಮಿತಿ ಎಂದು 40 ಅಂಕಗಳ ಎರಡು ಪತ್ರಿಕೆಗಳು. ಇವನಿಗೆ ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 27. ಎರಡೂ ಇಂಗ್ಲಿಷಿನಲ್ಲೇ, ಕಲಿಸುವವರು ಮಾತ್ರ ಬೇರೆ. ಕೆಲವರಿಗೆ ಭೂಮಿತಿಯೇ ಸುಲಭವೆಂಬುದು ನಿಜವಾದರೂ, ಬೀಜಗಣಿತ ಪಠ್ಯಪುಸ್ತಕದ ಗಣಗಳ (ಸೆಟ್ಸ್) ಲೆಕ್ಕವನ್ನು ಮುಂದಿಟ್ಟಾಗ ಅವನು ನನ್ನೆದುರೇ ಬಿಡಿಸಿದ.

ಅವನ ಭೂಮಿತಿ ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಮರಾಠಿಯ ‘ಛಾನ್’ (ಚೆನ್ನಾಗಿದೆ) ಹಲವು ಕಡೆ ಇತ್ತು. ಬೀಜಗಣಿತದ್ದರಲ್ಲಿ ಜುಲೈ ನಂತರದ ಪ್ರತಿ ಪುಟದಲ್ಲೂ ತಾರೀಖು, ಶೀರ್ಷಿಕೆ, ಅಡಿಗೆರೆ, ಕೆಳಗೆ ಖಾಲಿ. ಮೂರನೆಯ ಭೇಟಿಯಲ್ಲಿ ಬಾಯಿಬಿಟ್ಟ: ಬೋರ್ಡಿನ ಮುಂದೆ ನಿಂತಾಗ 78 ಅನ್ನು ಇಂಗ್ಲಿಷಿನಲ್ಲಿ ಹೇಳುವ ಬದಲು ಕನ್ನಡದಲ್ಲಿ ‘ಎಪ್ಪತ್ತೆಂಟು’ ಎಂದಿದ್ದ, ತರಗತಿ ನಕ್ಕಿತ್ತು, ಟೀಚರ್ ಕೂಡ ನಕ್ಕಿದ್ದರು. ಅಂದಿನಿಂದ ಅವನ ಅಡ್ಡಹೆಸರೇ ‘ಎಪ್ಪತ್ತೆಂಟು’. ಭೂಮಿತಿಯ ಸರ್ ಬಗ್ಗೆ ಅವನು ಹೇಳಿದ್ದು ಒಂದೇ ಮಾತು: “ನಾ ಬರಲಿಲ್ಲಂದ್ರ ಯಾಕ ಬರಲಿಲ್ಲ ಅಂತ ಕೇಳ್ತಾರ್ರಿ.”

ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್, ಪ್ಯಾರಿಸ್ ಎಂಬ ಸಂಶೋಧಕರು 2004ರಲ್ಲಿ ಶಾಲೆಯಲ್ಲಿನ ತೊಡಗಿಕೊಳ್ಳುವಿಕೆಯನ್ನು ವರ್ತನೆ, ಭಾವನೆ, ಚಿಂತನೆ ಎಂದು ಮೂರಾಗಿ ವಿಂಗಡಿಸಿದರು. ಇವನ ಹಾಜರಿ ಪೂರ್ತಿಯಿತ್ತು. ಉಳಿದೆರಡು ಬೀಜಗಣಿತದ ಪಿರಿಯಡ್ಡಿನಲ್ಲಿ ಇರಲಿಲ್ಲ, ಅದನ್ನು ಟ್ಯೂಷನ್ ತುಂಬಿಕೊಡಲಾರದು. ಶಿಕ್ಷಕರೊಂದಿಗಿನ ಸಂಬಂಧಕ್ಕೂ ತೊಡಗಿಕೊಳ್ಳುವಿಕೆಗೂ ಇರುವ ನಂಟು, ಅಂಕಗಳೊಂದಿಗಿನ ನಂಟಿಗಿಂತ ಬಲವಾದದ್ದೆಂದು ರೂರ್ಡಾ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಅಂಕ ತಡವಾಗಿ ಬಂದೀತು ಎಂದು ತಂದೆಗೆ ಮೊದಲೇ ಹೇಳಿದೆ, ಒಂದು ಟ್ಯೂಷನ್ ಬಿಡಿಸಿ, “ಎಷ್ಟು ಬಿತ್ತು?” ಎನ್ನುವ ಬದಲು “ಇವತ್ತು ಯಾರ ಕೂಡ ಮಾತಾಡಿದಿ?” ಎಂದು ಕೇಳುವಂತೆ ಸೂಚಿಸಿದೆ.

ಹುಡುಗನ ಒಪ್ಪಿಗೆ ಪಡೆದು ಬೀಜಗಣಿತದ ಟೀಚರನ್ನು ಕಂಡೆ. ಅವರಿಗೆ ಆ ಘಟನೆಯ ನೆನಪೇ ಇರಲಿಲ್ಲ. ಅರವತ್ತಕ್ಕೂ ಹೆಚ್ಚು ಮಕ್ಕಳ ತರಗತಿ, ತಪ್ಪು ಹೊರಿಸಲು ನನಗೆ ಮನಸ್ಸಾಗಲಿಲ್ಲ. ಎಲ್ಲರೆದುರು ಕ್ಷಮೆ ಕೇಳಿದರೆ ಹುಡುಗ ಮತ್ತೊಮ್ಮೆ ನಗೆಪಾಟಲಾದಾನು, ಅದರ ಬದಲು ವಾರಕ್ಕೆರಡು ಸಲ ಪಿರಿಯಡ್ ಮುಗಿದ ಮೇಲೆ ಎರಡು ನಿಮಿಷ ಅವನ ನೋಟ್‌ಬುಕ್ ನೋಡಿ ಎಂದೆ. ಅನುಮಾನಗಳನ್ನು ಚೀಟಿಯಲ್ಲಿ ಬರೆದುಕೊಡುವಂತೆ ಹುಡುಗನಿಗೆ ಹೇಳಿದೆ. ಜೊತೆಗೆ ಕಬಡ್ಡಿ ಆಡುವ ಗೆಳೆಯನ ಪಕ್ಕ ಅವನನ್ನು ಕೂರಿಸಲು ಕ್ಲಾಸ್ ಟೀಚರ್ ಒಪ್ಪಿದರು.

ಮೊದಲ ಚೀಟಿ ಬರಲು ಐದು ವಾರ ಹಿಡಿಯಿತು. ವಾರ್ಷಿಕ ಪರೀಕ್ಷೆಯ ಬೀಜಗಣಿತದಲ್ಲಿ 15 ಬಂತು. ಅಡ್ಡಹೆಸರು ಹೋಗಿಲ್ಲ, ಕಬಡ್ಡಿಯ ಗೆಳೆಯ ಕರೆದರೆ ಮಾತ್ರ ಈಗ ತಿರುಗಿ ನೋಡುತ್ತಾನಂತೆ. ಟ್ಯೂಷನ್ ಬಿಡಿಸಿದ್ದು ಸರಿಯೆಂದು ತಂದೆ ಇನ್ನೂ ಪೂರ್ತಿ ಒಪ್ಪಿಲ್ಲ.