ವರ್ಡ್‌ನಲ್ಲಿ ತಾನಾಗಿಯೇ ಮೂಡುವ ಅಡ್ಡಗೆರೆ, ಕ್ರಮಸಂಖ್ಯೆಗಳನ್ನು ತಡೆಯುವುದು ಹೇಗೆ?

ಮೂರು ಹೈಫನ್ ಹಾಕಿ ಎಂಟರ್ ಒತ್ತಿದೊಡನೆ ಅಡ್ಡಗೆರೆ ಮೂಡುವುದಕ್ಕೂ, ‘1.’ ಎಂದು ಬರೆದು ಸ್ಪೇಸ್ ಕೊಟ್ಟೊಡನೆ ಸಾಲು ಒಳಸರಿದು ಪಟ್ಟಿಯಾಗುವುದಕ್ಕೂ ಮೈಕ್ರೋಸಾಫ್ಟ್ ವರ್ಡ್‌ನ ‘ಆಟೋಫಾರ್ಮ್ಯಾಟ್ ಆಸ್ ಯು ಟೈಪ್’ ಸೌಲಭ್ಯವೇ ಕಾರಣ. ಆ ಕ್ಷಣದಲ್ಲೇ, ಬೇರೇನನ್ನೂ ಟೈಪ್ ಮಾಡುವ ಮೊದಲು, ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನೀವು ಬರೆದದ್ದು ಹಾಗೆಯೇ ಉಳಿದು ವಿನ್ಯಾಸವಷ್ಟೇ ಹೋಗುತ್ತದೆ. ಮೊದಲು ರೂಢಿಸಿಕೊಳ್ಳಬೇಕಾದದ್ದು ಇದನ್ನೇ.

ಈಗಾಗಲೇ ಉಳಿದುಬಿಟ್ಟ ಗೆರೆಯನ್ನು ಡಿಲೀಟ್ ಕೀಲಿಯಿಂದ ಅಳಿಸಲು ಹಲವರು ವೃಥಾ ಹೆಣಗುತ್ತಾರೆ. ಅದು ಅಕ್ಷರವಲ್ಲ, ಮೇಲಿನ ಪ್ಯಾರಾದ ಅಂಚು, ಆದ್ದರಿಂದ ಆ ಪ್ಯಾರಾದಲ್ಲಿ ಕರ್ಸರ್ ಇರಿಸಿ ಹೋಮ್ ಟ್ಯಾಬ್‌ನ ಬಾರ್ಡರ್ಸ್‌ ಗುಂಡಿಯಿಂದ ‘ನೋ ಬಾರ್ಡರ್’ ಆರಿಸಬೇಕು.

ಶಾಶ್ವತವಾಗಿ ತಡೆಯಲು ಫೈಲ್, ಆಪ್ಷನ್ಸ್, ಪ್ರೂಫಿಂಗ್ ಮೂಲಕ ‘ಆಟೋಕರೆಕ್ಟ್ ಆಪ್ಷನ್ಸ್’ ತೆರೆದು, ಮೇಲೆ ಹೇಳಿದ ಸೌಲಭ್ಯದ ಪುಟದಲ್ಲಿ ‘ಬಾರ್ಡರ್ ಲೈನ್ಸ್’ ಮತ್ತು ‘ಆಟೋಮ್ಯಾಟಿಕ್ ನಂಬರ್ಡ್ ಲಿಸ್ಟ್ಸ್’ ಎದುರಿನ ಗುರುತುಗಳನ್ನು ತೆಗೆಯಿರಿ.