ಹಣ್ಣಿನ ಸಲಾಡ್ ನೀರು ಬಿಡದಂತೆ, ಕಹಿಯಾಗದಂತೆ ಮಾಡುವುದು ಹೇಗೆ?

ತಳದಲ್ಲಿ ಬೆರಳು ಮುಳುಗುವಷ್ಟು ನೀರು, ಕಪ್ಪಗಾದ ಬಾಳೆಹಣ್ಣು, ಮುಟ್ಟಿದರೆ ಕರಗುವ ಪಪ್ಪಾಯ, ಕಹಿ ಹಿಡಿದ ಮೊಸರು. ನೀವು ಹೇಳುತ್ತಿರುವ ಬಟ್ಟಲು ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಹೆಚ್ಚಿಟ್ಟು ಸಂಜೆ ತಿನ್ನುವುದಕ್ಕೆ ಜೇನು, ಸಕ್ಕರೆ, ಮೊಸರು ಇವುಗಳಲ್ಲಿ ಯಾವುದನ್ನು ಬೆರೆಸಿದರೆ ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಬಟ್ಟಲು ಕೆಡುತ್ತಿರುವುದೇ ಅವುಗಳಿಂದ. ಒಂದರ ಬದಲು ಇನ್ನೊಂದು ಹಾಕಿದರೆ ಕೆಡುವ ರೀತಿ ಬದಲಾಗುತ್ತದೆ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತಪ್ಪು ಸಿಹಿಯನ್ನೋ ಉಪ್ಪನ್ನೋ ಮುಂಚೆಯೇ ಹಾಕಿ ಕಲಸಿಡುವುದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಉಳಿದ ಅರ್ಧ ತೊಂದರೆಗಳು ಇದರ ಬಾಲ ಹಿಡಿದೇ ಬರುತ್ತವೆ. ಹಣ್ಣಿನ ತಿರುಳಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಆ ನೀರು ಜೀವಕೋಶಗಳ ಒಳಗೆ ತೆಳು ಪೊರೆಯ ಹಿಂದೆ ನಿಂತಿರುತ್ತದೆ. ಚಾಕು ಹಾದುಹೋದ ಜಾಗದಲ್ಲಿ ಮಾತ್ರ ಕೋಶಗಳು ಒಡೆದು ಹೋಳಿನ ಮೈ ತೇವವಾಗುತ್ತದೆ. ನೀವು ಉದುರಿಸಿದ ಸಕ್ಕರೆ ಈ ತೇವದಲ್ಲಿ ಕರಗಿ ಗಟ್ಟಿ ಪಾಕವಾಗುತ್ತದೆ. ಹೊರಗೆ ಗಟ್ಟಿ ಪಾಕ, ಒಳಗೆ ತೆಳು ರಸ, ನಡುವೆ ಪೊರೆ. ಆಗ ಒಳಗಿನ ನೀರು ಹೊರಗೆ ಹರಿಯಲೇಬೇಕು. ಅರ್ಧ ಗಂಟೆಯಲ್ಲಿ ತಳದಲ್ಲಿ ರಸ ಕಾಣಿಸುತ್ತದೆ. ನೀರು ಕಳೆದುಕೊಂಡ ಮಾವು, ಅನಾನಸ್ ಜೋತುಬಿದ್ದು ನಾರು ನಾರಾಗುತ್ತವೆ. ಪಪ್ಪಾಯ ಆ ರಸದಲ್ಲೇ ಕೂತು ಮೂಲೆಗಳು ಸವೆದು ಮುದ್ದೆಯಾಗುತ್ತದೆ. ಹಾಕಿದ ಸಕ್ಕರೆಯೆಲ್ಲ ತಳಕ್ಕಿಳಿದಿರುವುದರಿಂದ ಮೇಲಿನ ಹೋಳು ಸಪ್ಪೆ ಅನ್ನಿಸುತ್ತದೆ, ಸಪ್ಪೆ ಅಂತ ಇನ್ನೊಂದು ಚಮಚ ಸಕ್ಕರೆ ಬೀಳುತ್ತದೆ, ಮತ್ತಷ್ಟು ನೀರು ಬರುತ್ತದೆ.

ಜೇನು ಹಾಕಿದರೂ ಇದೇ ಕಥೆ. ಅದರಲ್ಲಿ ನೂರಕ್ಕೆ 80ರಷ್ಟು ಸಕ್ಕರೆಯೇ ಇದೆ. ಉಪ್ಪು ಇನ್ನೂ ಜೋರು. ಅದರ ಅಣು ಚಿಕ್ಕದು, ನೀರಿನಲ್ಲಿ ಎರಡಾಗಿ ಒಡೆಯುತ್ತದೆ ಬೇರೆ. ಹಾಗಾಗಿ ತೂಕಕ್ಕೆ ತೂಕ ನೋಡಿದರೆ ಸಕ್ಕರೆಯ ಸುಮಾರು 12 ಪಟ್ಟು ಬಲದಿಂದ ನೀರೆಳೆಯುತ್ತದೆ. ರುಚಿಗೆ ಚಿಟಿಕೆ ಉಪ್ಪು ಬೇಕೆನಿಸಿದರೆ ಹಾಕಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ತಟ್ಟೆಗೆ ಬಡಿಸಿದ ಮೇಲೆ ಹಾಕಿ, ಡಬ್ಬಿಯಲ್ಲಿ ಅಲ್ಲ.

ನೀರಾಗಲು ಇನ್ನೆರಡು ಸಣ್ಣ ಕಾರಣಗಳೂ ಇವೆ. ಮೊಂಡು ಚಾಕು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದಷ್ಟೂ ಕೋಶ ಒಡೆದು ರಸ ಸೋರುತ್ತದೆ. ಇನ್ನೊಂದು, ಹೆಚ್ಚಿದ ಮೇಲೆ ಹೋಳುಗಳನ್ನು ತೊಳೆಯುವುದು. ತೊಳೆಯುವ ಕೆಲಸ ಇಡೀ ಹಣ್ಣಿದ್ದಾಗಲೇ ಮುಗಿಯಬೇಕು. ಸಿಪ್ಪೆ ತಿನ್ನದ ಹಣ್ಣನ್ನೂ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ತಿರುಳಿಗೆ ಹೊತ್ತೊಯ್ಯುತ್ತದೆ. ಅನಾನಸ್‌ನ ಸಂದುಗಳಿಗೆ ಬ್ರಷ್ ಬೇಕಾಗುತ್ತದೆ. ಸೋಪು ಬೇಡ. ಈರುಳ್ಳಿ, ಬೆಳ್ಳುಳ್ಳಿ ಹೆಚ್ಚಿದ ಮಣೆಯೂ ಬೇಡ, ವಾಸನೆ ಮೊದಲು ಹಿಡಿಯುವುದು ಪಪ್ಪಾಯಕ್ಕೆ. ಮಾಂಸ ಹೆಚ್ಚಿದ ಮಣೆಯಂತೂ ಹತ್ತಿರಕ್ಕೇ ಬರಬಾರದು.

ಇನ್ನು ಕಹಿ. ಮೊಸರು ಹಳತಾಗಿತ್ತೇನೋ ಅಂತ ನೀವು ಊಹಿಸಿದ್ದೀರಿ. ಮೊಸರಿನ ತಪ್ಪೇನೂ ಇಲ್ಲ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇದೆ, ಪಪ್ಪಾಯದಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್. ಮೂರರ ಕೆಲಸವೂ ಪ್ರೋಟೀನನ್ನು ತುಂಡರಿಸುವುದು. ಹಾಲಿನ ಪ್ರೋಟೀನು ತುಂಡಾದಾಗ ಬರುವ ಚೂರುಗಳಲ್ಲಿ ಕೆಲವು ನಾಲಿಗೆಗೆ ಕಹಿ. ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ, ಗಂಟೆಗಟ್ಟಲೆ ಬಿಟ್ಟರೆ ಬಾಯಿಗಿಡಲು ಆಗುವುದಿಲ್ಲ. ಹಸಿ ಅನಾನಸ್ ಹಾಕಿದ ಜೆಲಾಟಿನ್ ಜೆಲ್ಲಿ ಗಟ್ಟಿಯಾಗದಿರುವುದಕ್ಕೂ ಇದೇ ಕಾರಣ. ಪಪೈನ್ ಕಾಯಿಯ ಹಾಲಿನಲ್ಲಿ ಹೆಚ್ಚು, ಹಣ್ಣಾದಂತೆ ಕಡಿಮೆ. ಅದಕ್ಕೇ ಅರೆಬಲಿತ ಪಪ್ಪಾಯ ಹೆಚ್ಚು ಕಾಟ ಕೊಡುತ್ತದೆ. ಮೊಸರು ಬೇಕೇ ಬೇಕೆನ್ನುವವರಿಗೆ ಎರಡು ದಾರಿ. ಒಂದೋ ತಿನ್ನುವ ಹೊತ್ತಿಗೆ ಮೇಲೆ ಹಾಕಿಕೊಂಡು ಆಗಲೇ ತಿಂದುಬಿಡಿ. ಇಲ್ಲವೇ ಅನಾನಸ್ ಹೋಳುಗಳನ್ನು ಅದರದೇ ರಸದಲ್ಲಿ 5 ನಿಮಿಷ ಕುದಿಸಿ, ಪೂರ್ತಿ ಆರಿಸಿ ಬಳಸಿ. ಕುದಿಯಲ್ಲಿ ಕಿಣ್ವ ಕೆಲಸ ನಿಲ್ಲಿಸುತ್ತದೆ. ಡಬ್ಬಿಯ ಅನಾನಸ್‌ನಿಂದ ಈ ತೊಂದರೆ ಬಾರದಿರುವುದು ಅದು ಆಗಲೇ ಬೆಂದಿರುವುದರಿಂದ. ಆದರೆ ಬೇಯಿಸಿದ ಅನಾನಸ್ ಹಾಕಿದ್ದನ್ನು ತಾಜಾ ಹಣ್ಣಿನ ಸಲಾಡ್ ಅನ್ನಲು ನನಗೆ ಮನಸ್ಸಿಲ್ಲ.

ಹಣ್ಣು ಆರಿಸುವ ವಿಚಾರದಲ್ಲಿ ಹೇಳಬೇಕಾದ್ದು ಒಂದೇ: ಸಲಾಡಿಗೆ ಪೂರ್ತಿ ಕಳಿತ ಹಣ್ಣು ಬೇಡ. ಪಪ್ಪಾಯ ಮುಕ್ಕಾಲು ಹಳದಿಯಾಗಿ, ಹೆಬ್ಬೆರಳಿಗೆ ಸ್ವಲ್ಪವೇ ಮೆತ್ತಗಾದರೆ ಸಾಕು. ಬೆರಳು ಇಳಿಯುವಷ್ಟು ಹಣ್ಣಾದದ್ದು ಜ್ಯೂಸಿಗೆ. ಮಾವಿಗೆ ತೊಟ್ಟಿನ ಹತ್ತಿರ ಪರಿಮಳ ಬರಬೇಕು, ಮೈ ಇನ್ನೂ ಬಿಗಿ ಇರಬೇಕು. ಬಾಳೆಗೆ ಹಸಿರು ಹೋಗಿರಬೇಕು, ಕಂದು ಚುಕ್ಕೆ ಆಗಷ್ಟೇ ಬೀಳುತ್ತಿರಬೇಕು. ಈ ಮೂರೂ ಕಿತ್ತ ಮೇಲೂ ಹಣ್ಣಾಗುತ್ತವೆ, ಒಂದೆರಡು ದಿನ ಹೊರಗಿಟ್ಟು ಕಾಯಬಹುದು. ಕಾಯಿ ಇರುವಾಗಲೇ ಫ್ರಿಜ್ಜಿಗೆ ತುರುಕಿದರೆ ಮಾತ್ರ ಚಳಿ ಹೊಡೆದು ಸಿಪ್ಪೆ ಕಪ್ಪಾಗುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಅನಾನಸ್ ಹಾಗಲ್ಲ. ಸಕ್ಕರೆಯಾಗಿ ಬದಲಾಗಲು ಅದರಲ್ಲಿ ಪಿಷ್ಟದ ದಾಸ್ತಾನಿಲ್ಲ. ಎಷ್ಟು ದಿನ ಇಟ್ಟರೂ ಬಣ್ಣ ತಿರುಗುತ್ತದೆ, ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ. ಬುಡದಲ್ಲಿ ಮೂಗಿಟ್ಟು ನೋಡಿ. ಸುವಾಸನೆ ಇದ್ದು ಕೈಗೆ ಭಾರ ಅನ್ನಿಸಿದರೆ ತನ್ನಿ, ಹುಳಿತ ವಾಸನೆ ಬಂದರೆ ಅಲ್ಲೇ ಬಿಡಿ.

ನಾಲ್ಕು ಜನಕ್ಕೆ ನಾನು ಹಾಕುವ ಅಳತೆ, ಸಿಪ್ಪೆ ಬೀಜ ಕಳೆದ ಮೇಲೆ: ಪಪ್ಪಾಯ 300 ಗ್ರಾಂ, ಅನಾನಸ್ 200 ಗ್ರಾಂ, ಮಾವು 200 ಗ್ರಾಂ, ಸೀಬೆ 150 ಗ್ರಾಂ, ಬಾಳೆಹಣ್ಣು 150 ಗ್ರಾಂ. ಮೇಲೆ ಒಂದು ನಿಂಬೆಹಣ್ಣು, ಸಿಕ್ಕಿದರೆ ಎರಡು ಪ್ಯಾಶನ್ ಫ್ರೂಟ್. ಹೋಳು ಎಲ್ಲವೂ ಸುಮಾರು 2 ಸೆಂಟಿಮೀಟರ್ ಇರಲಿ. ತೀರಾ ಸಣ್ಣಗೆ ಹೆಚ್ಚಿದಷ್ಟೂ ಕತ್ತರಿಸಿದ ಮೈ ಜಾಸ್ತಿಯಾಗುತ್ತದೆ, ಅಂದರೆ ಸೋರುವ ಜಾಗವೂ ಜಾಸ್ತಿ.

ಮೊದಲು ಅನಾನಸ್. ಮೇಲೆ ಕೆಳಗೆ ತಲಾ ಒಂದೂವರೆ ಸೆಂಟಿಮೀಟರ್ ತೆಗೆದು ನೆಟ್ಟಗೆ ನಿಲ್ಲಿಸಿ, ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ, ಹಣ್ಣಿನ ಬಾಗು ನೋಡಿಕೊಂಡು ತೆಳ್ಳಗೆ ಇಳಿಸಿ. ಕಣ್ಣುಗಳು ಉಳಿಯುತ್ತವೆ, ಉಳಿಯಲಿ. ಅವು ಓರೆ ಸಾಲುಗಳಲ್ಲಿ ಕೂತಿರುವುದು ಆಗ ಎದ್ದು ಕಾಣುತ್ತದೆ. ಸಾಲಿನ ಎರಡೂ ಬದಿಗೆ ಓರೆಯಾಗಿ ಚಾಕು ಹಾಕಿ, ಒಂದಿಡೀ ಸಾಲನ್ನು ಕಾಲುವೆ ತೋಡಿದ ಹಾಗೆ ಎತ್ತಿ ತೆಗೆಯಬಹುದು. ಕಣ್ಣು ಹೋಗಲಿ ಅಂತ ದಪ್ಪಗೆ ಸಿಪ್ಪೆ ಕೆತ್ತುವವರು ಒಳ್ಳೆಯ ತಿರುಳನ್ನು ಕಸಕ್ಕೆ ಹಾಕುತ್ತಾರೆ. ಆಮೇಲೆ ಉದ್ದಕ್ಕೆ ನಾಲ್ಕಾಗಿ ಸೀಳಿ ನಡುವಿನ ಗಟ್ಟಿ ದಿಂಡು ತೆಗೆಯಿರಿ. ನಾರು ಜಾಸ್ತಿ, ಬ್ರೊಮೆಲಿನ್ನೂ ಅಲ್ಲೇ ಜಾಸ್ತಿ. ಬಿಲ್ಲೆ ಮಾಡುವುದಕ್ಕಿಂತ ಉದ್ದಕ್ಕೆ ಸೀಳುವುದು ಮೇಲು, ಯಾಕೆಂದರೆ ಬುಡದ ಭಾಗ ತುದಿಗಿಂತ ಸಿಹಿ. ಉದ್ದಕ್ಕೆ ಸೀಳಿದರೆ ಎರಡೂ ಎಲ್ಲರ ಪಾಲಿಗೆ ಬರುತ್ತವೆ. ಹೋಳುಗಳನ್ನು ಜರಡಿಗೆ ಹಾಕಿ, ಕೆಳಗೊಂದು ಬಟ್ಟಲಿಟ್ಟು 10 ನಿಮಿಷ ಬಿಡಿ. ಇಳಿದ ರಸ ಚೆಲ್ಲಬೇಡಿ.

ಸೀಬೆ ಬೇಗ ಮುಗಿಯುತ್ತದೆ. ಸಿಪ್ಪೆ ತೆಗೆಯಬೇಡಿ, ಬೀಜದ ನಡುಭಾಗ ಹಲ್ಲಿಗೆ ಆಗದವರು ಚಮಚದಲ್ಲಿ ತೋಡಿ ತೆಗೆಯಲಿ. ಮಾವಿನ ತೊಟ್ಟು ಮುರಿದಾಗ ಒಸರುವ ಸೊನೆಯನ್ನು ತೊಳೆದೇ ಮುಂದಿನ ಕೆಲಸ. ಕೆಲವರಿಗೆ ಅದು ತಾಗಿದರೆ ತುಟಿ ಸುತ್ತ ಗುಳ್ಳೆ ಏಳುತ್ತದೆ. ವಾಟೆ ಚಪ್ಪಟೆಯಾಗಿರುತ್ತದಲ್ಲ, ಹಣ್ಣನ್ನು ತೊಟ್ಟು ಮೇಲಾಗಿ ನಿಲ್ಲಿಸಿ ವಾಟೆಯ ಚಪ್ಪಟೆ ಮೈಗೆ ತಾಗಿಕೊಂಡೇ ಎರಡು ಬದಿಯ ಹೋಳು ಇಳಿಸಿ. ಚಾಕು ಗಟ್ಟಿಯಾಗಿ ತಡೆದರೆ ವಾಟೆಗೆ ಬಡಿದಿದೆ ಅಂತ, ಸ್ವಲ್ಪ ಹೊರಗೆ ಸರಿಸಿ. ಸಿಪ್ಪೆ ಸೀಳದಂತೆ ತಿರುಳಿಗೆ ಮಾತ್ರ ಚೌಕ ಗೀರಿ ಚಮಚದಿಂದ ಎಬ್ಬಿಸಿದರೆ ಹೋಳು ಜಜ್ಜುವುದಿಲ್ಲ. ವಾಟೆಗೆ ಅಂಟಿದ್ದು ಹೆಚ್ಚಿದವರ ಪಾಲು. ಪಪ್ಪಾಯ ಕೊನೆಗೆ ಹೆಚ್ಚಿ. ಉದ್ದಕ್ಕೆ ಸೀಳಿ ಬೀಜ ಕೆರೆದು, ಬೀಜದ ಕೆಳಗಿನ ತೆಳು ಪೊರೆಯನ್ನೂ ಚಮಚದಲ್ಲಿ ಕೆರೆಯಿರಿ. ಕಹಿ ಎಳೆ ಅಲ್ಲೇ ಇರುವುದು. ಬೀಜ ಒಂದೆರಡು ಉಳಿದರೆ ಕಾಳುಮೆಣಸಿನಂಥ ಖಾರ ಬಾಯಿಗೆ ಬರುತ್ತದೆ.

ಬಾಳೆಹಣ್ಣನ್ನು ಮುಂಚೆ ಹೆಚ್ಚಿಡುವ ವಿಚಾರ ಬಿಟ್ಟುಬಿಡಿ. ಕತ್ತರಿಸಿದ ಮೈಗೆ ಗಾಳಿ ತಾಗಿದಾಗ ಅದರೊಳಗಿನ ಒಂದು ಕಿಣ್ವ ಕಂದು ಬಣ್ಣ ಕಟ್ಟುತ್ತದೆ. ನಿಂಬೆರಸದ ಹುಳಿ ಆ ಕಿಣ್ವವನ್ನು ಮಂದ ಮಾಡುತ್ತದೆ, ಅದರ ವಿಟಮಿನ್ ಸಿ ಆಗುತ್ತಿರುವ ಬಣ್ಣವನ್ನು ಹಿಂದಕ್ಕೆ ತಿರುಗಿಸುತ್ತದೆ. ಆದರೆ ವಿಟಮಿನ್ ಖರ್ಚಾಗುವವರೆಗೆ ಮಾತ್ರ. ಅಂದರೆ ನಿಂಬೆ ತಡಮಾಡಿಸುತ್ತದೆ, ತಪ್ಪಿಸುವುದಿಲ್ಲ. ಬಡಿಸುವ ಹೊತ್ತಿಗೆ ಹೆಚ್ಚಿ, 2 ಟೀ ಚಮಚ ನಿಂಬೆರಸ ಅಥವಾ ಎತ್ತಿಟ್ಟ ಅನಾನಸ್ ರಸದಲ್ಲಿ ಹೊರಳಿಸಿ, ಕೊನೆಗೆ ಸೇರಿಸಿ. ಇಡೀ ಬಟ್ಟಲಿಗೆ ನಿಂಬೆ ಹಿಂಡುವ ಅಗತ್ಯವಿಲ್ಲ.

ನಿಮ್ಮ ಬೆಳಿಗ್ಗೆ–ಸಂಜೆಯ ಲೆಕ್ಕಕ್ಕೆ ಹೀಗೆ ಮಾಡಿ. ಅನಾನಸ್ ಒಂದು ಡಬ್ಬಿ, ಮಾವು ಸೀಬೆ ಒಂದು ಡಬ್ಬಿ, ಪಪ್ಪಾಯ ಬೇರೆಯೇ ಡಬ್ಬಿ. ತಳಕ್ಕೆ ಮಡಚಿದ ಟಿಶ್ಯೂ, ಮೇಲೆ ಬಿಗಿ ಮುಚ್ಚಳ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಫ್ರಿಜ್. ಸಂಜೆ ತೆಗೆದು ಹದಿನೈದು ನಿಮಿಷ ಹೊರಗಿಡಿ. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ, ಸಕ್ಕರೆ ಡಬ್ಬಿಗೆ ಕೈ ಹೋಗುವುದು ಆಗಲೇ. ಅಗಲ ಪಾತ್ರೆಯಲ್ಲಿ ಮೊದಲು ಗಟ್ಟಿ ಹಣ್ಣು, ಮೇಲೆ ಪಪ್ಪಾಯ, ಆಮೇಲೆ ಬಾಳೆ. ಚಮಚ ತಿರುವಬೇಡಿ, ತಳದಿಂದ ಎರಡು ಮೂರು ಸಲ ಎತ್ತಿ ಹಾಕಿದರೆ ಸಾಕು. ಮೇಲೆ ಪ್ಯಾಶನ್ ಫ್ರೂಟಿನ ತಿರುಳು ಸುರಿಯಿರಿ. ಹುಳಿ, ಪರಿಮಳ, ಕರುಂ ಅನ್ನುವ ಬೀಜ ಮೂರೂ ಅದರಲ್ಲಿದೆ. ನನ್ನ ಮಟ್ಟಿಗೆ ಬೇರೆ ಯಾವ ಡ್ರೆಸ್ಸಿಂಗೂ ಬೇಕಿಲ್ಲ.

ಆರೋಗ್ಯದ ಮಾತಿಗೆ ಬಂದರೆ, ಜೇನು ಸಕ್ಕರೆಗಿಂತ ಒಳ್ಳೆಯದು ಅನ್ನುವ ನಿಮ್ಮ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಕ್ಕರೆ ಮಾರ್ಗಸೂಚಿ ಜೇನನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಗಳ ಸಾಲಿಗೇ ಸೇರಿಸಿದೆ. 100 ಗ್ರಾಂ ಮಾವಿನಲ್ಲಿ ಸುಮಾರು 14 ಗ್ರಾಂ, ಬಾಳೆಯಲ್ಲಿ 12, ಅನಾನಸ್‌ನಲ್ಲಿ 10, ಪಪ್ಪಾಯದಲ್ಲಿ 8 ಗ್ರಾಂ ಸಕ್ಕರೆ ಆಗಲೇ ಇದೆ. ಒಬ್ಬರ ಪಾಲಿನ 250 ಗ್ರಾಂ ಬಟ್ಟಲಿಗೆ ಹೆಚ್ಚುಕಡಿಮೆ 25 ಗ್ರಾಂ ಆಯಿತು. ಒಂದು ದೊಡ್ಡ ಚಮಚ ಜೇನು ಇನ್ನೊಂದು 17 ಗ್ರಾಂ ಸೇರಿಸುತ್ತದೆ. ಇದರ ಬದಲು ಬಟ್ಟಲಿನಲ್ಲಿ ಸೀಬೆ ಹೆಚ್ಚಿಸಿ. 100 ಗ್ರಾಂಗೆ ಸುಮಾರು 5 ಗ್ರಾಂ ನಾರು, 228 ಮಿಲಿಗ್ರಾಂ ವಿಟಮಿನ್ ಸಿ. ಅಷ್ಟೇ ತೂಕದ ಕಿತ್ತಳೆಯಲ್ಲಿ ಇರುವುದು ಸುಮಾರು 53 ಮಿಲಿಗ್ರಾಂ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ಕೊಡಲೇಬಾರದು.

ಬೇರೆ ಹಣ್ಣು ಸೇರಿಸುವ ಮುಂಚೆ ಎರಡು ಎಚ್ಚರಿಕೆ. ನೋಡಲು ಚಂದ ಅಂತ ನಕ್ಷತ್ರ ಹಣ್ಣಿನ ಬಿಲ್ಲೆ ಹಾಕುವವರಿದ್ದಾರೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅದು ನಿಜಕ್ಕೂ ಅಪಾಯ, ಅಂಥವರು ತಿನ್ನುವ ಬಟ್ಟಲಿಗೆ ಒಂದು ಚೂರೂ ಬೇಡ. ರಬ್ಬರ್ ಕೈಗವಸಿನ ಅಲರ್ಜಿ ಇರುವವರಲ್ಲಿ ಕೆಲವರಿಗೆ ಬಾಳೆ, ಪಪ್ಪಾಯ, ಕಿವಿ, ಬೆಣ್ಣೆಹಣ್ಣು ತಿಂದರೂ ತುರಿಕೆ ಬರಬಹುದು, ಬಡಿಸುವ ಮುಂಚೆ ಕೇಳಿಕೊಳ್ಳಿ.

ಹೆಚ್ಚಿದ ಹಣ್ಣು ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿ ದಾಟಿದ ಸೆಕೆಯಲ್ಲಿ 1 ಗಂಟೆ. ಪಪ್ಪಾಯದಲ್ಲಿ ಹುಳಿ ಕಡಿಮೆ, ರೋಗಾಣು ಬೆಳೆಯಲು ಅಡ್ಡಿಯೇ ಇಲ್ಲ, ಹಾಗಾಗಿ ಈ ಗಡುವನ್ನು ಅದಕ್ಕಂತೂ ಮೀರಬೇಡಿ. ಫ್ರಿಜ್ಜಿನಲ್ಲಿ ಮಾರನೆಯ ದಿನಕ್ಕೆ ಉಳಿದರೆ ಮತ್ತೆ ಸಲಾಡ್ ಅಂತ ಬಡಿಸಲು ಹೋಗಬೇಡಿ. ಬಾಳೆ ತೆಗೆದು ಉಳಿದದ್ದನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿಗಿಡಿ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿಟ್ಟುಕೊಂಡರೆ, ಎತ್ತಿಟ್ಟ ಅನಾನಸ್ ರಸದ ಜೊತೆ ನೇರವಾಗಿ ಮಿಕ್ಸಿಗೆ ಹಾಕಬಹುದು.